ಹುಕ್ಕೇರಿಯ ಫ್ಲೆಕ್ಸಿಗೊಂದು ಮುಖ

ಕಿಟಕಿಯಾಚೆ ಕಂಬದ ಮೇಲಿನ ನಮ್ಮ ಕಪ್ಪು ವಾಯರು ಅಲುಗುತ್ತಿದೆ, ಗಾಳಿಯಿಲ್ಲ, ಕಬ್ಬಿನ ಟ್ರ್ಯಾಕ್ಟರ್ ತಾಗಿಸಿಕೊಂಡು ಹೋಗಿರಬೇಕು, ಈಗ ಓಣಿಯವರ ಫೋನು ಬರುತ್ತದೆ, ಏನವಾ ನಿಮ್ಮ ನೆಟ್ಟ ಸತ್ತೈತಿ — ಬರಲಿ, ಮೂಡಲಗಿಯಲ್ಲಿ ಗೊಬ್ಬರದಂಗಡಿಯ ಮೇಲೆ ಎರಡು ಕಂಪ್ಯೂಟರಿನ ನೆಟ್ ಸೆಂಟರ್ ಇದ್ದಾಗ ಇಂಥ ವಾಯರೇ ಇರಲಿಲ್ಲ, ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದವರು ಮೆಟ್ಟಿಲ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು, ಎಂಟನೇತ್ತಕ್ಕೆ ಸಾಲಿ ಬಿಟ್ಟು ಕಸ ಹೊಡೆಯಲು ಬಂದ ನಾನು ಸೆಂಟರಿನ ಮಾಲೀಕ ಮಹೇಶಣ್ಣನ ಬೆರಳು ಕೀಬೋರ್ಡಿನ ಮೇಲೆ ಎಲ್ಲೆಲ್ಲಿ ಹೋಗುತ್ತವೆಂದು ನೋಡುತ್ತಿದ್ದೆ, ನೋಡುವುದಕ್ಕೆ ಯಾರೂ ಬೈಯುವುದಿಲ್ಲ. ಆಮೇಲೆ ಅವನು ಕುಲಗೋಡಿನವರೆಗೆ ವಾಯರು ಎಳೆಸಿದ — ಮನಸ್ಸಿನಲ್ಲಿ ಅವನು, ಬಾಯಲ್ಲಿ ಅಣ್ಣಾರು — ಆಮೇಲೆ ಗೋಕಾಕಿಗೆ ಬಂದು ಬೋರ್ಡು ಬದಲಿಸಿದ, ವೆಬ್‌ಸೈಟ್ ಮಾಡಿಕೊಡಲಾಗುವುದು, ಡಿಪ್ಲೊಮಾ ಓದಿದ ಶಿದ್ರಾಮ ಕೆಲಸಕ್ಕೆ ಬಂದ, ಅವನು ಸೈಟು ಕಟ್ಟುತ್ತಾನೆ, ನಾನು ಫೋಟೋ ಕತ್ತರಿಸುತ್ತೇನೆ. ಟೈಲ್ಸ್ ಅಂಗಡಿಗೆ ಸೈಟು, ಹಾಲಿನ ಡೇರಿಗೆ ಸೈಟು, ಯಾರೂ ತೆರೆದು ನೋಡಲಿಲ್ಲ, ಕೊನೆಗೆ ನಮ್ಮದೇ ವಧು-ವರರ ಸೈಟು. ವರರು ಮುಗಿಬಿದ್ದರು, ಗಾಗಲ್ ಹಾಕಿಕೊಂಡು, ಬೈಕಿಗೆ ಆತುಕೊಂಡು, ಆದರೆ ಒಂದು ಮನೆಯವರೂ ಹುಡುಗಿಯ ಫೋಟೋ ಕೊಡಲಿಲ್ಲ, ಹೆಣ್ಣಮಕ್ಕಳ ಮುಖಾ ನೆಟ್ಟಿನ್ಯಾಗ ಹಾಕ್ತಾರೇನ್ರಿ ಅಂತ ಮನೆತನದ ಹೆಸರು, ವಿಳಾಸವಷ್ಟೇ ಬರೆಸಿ ಹೋದರು. ತೆರೆದರೆ ಬರೀ ಮೀಸೆ. ಅಣ್ಣಾರ, ಇದು ವಧು-ವರ ಅಲ್ರಿ, ಕುಸ್ತಿ ಕಣ ಆಗೇತಿ, ಶಿದ್ರಾಮ ಅಂದ, ನಾನೂ ನಕ್ಕೆ, ನಕ್ಕಾಗಲೇ ಮಹೇಶಣ್ಣ ಮೊಬೈಲ್ ಎತ್ತಿದ, ಹಂಗ ಇರು ಕಸ್ತೂರಿ, ಡೆಮೊಕ್ಕ ಒಂದ ಬೇಕು, ನಾಳಿ ತಗದಬಿಡ್ತೀನಿ. ಸೈಟಿನಲ್ಲಿ ನನ್ನ ಮುಖದ ಕೆಳಗೆ ಬರೆಸಿದ, ಸ್ನೇಹಾ, ಬಿ.ಇ., ಗೋಕಾಕ. ಆ ನಾಳೆ ಬರಲಿಲ್ಲ. ಸ್ನೇಹಾಳ ನಂಬರು ಕೇಳಿ ದಿನಾ ಫೋನು, ಮೊದಲು ರೊಕ್ಕಾ ಕಟ್ಟಿ ಮೆಂಬರ್ ಆಗ್ರಿ, ಮಹೇಶಣ್ಣ ಅನ್ನುತ್ತಿದ್ದ, ಆದವರಿಗೆ, ಆಕೀದು ಫಿಕ್ಸ್ ಆತ್ರಿ, ಬ್ಯಾರೆ ತೋರಸ್ತೀವಿ. ಆಫೀಸಿಗೆ ತಿರುಗುವ ಕುರ್ಚಿ ಬಂದವು, ಎಸಿ ಬಂತು. ಆಮೇಲೆ ಸಂಕೇಶ್ವರದ ಮಾಲಿಂಗ ನಮ್ಮ ಮನೆಗೆ ಬಂದ, ಸೈಟಿನಿಂದಲ್ಲ, ಅವ್ವನ ತವರಿನ ಕಡೆಯ ಖರೆ ಸಂಬಂಧ, ನನ್ನನ್ನೇ ನೋಡಲು. ಅವಲಕ್ಕಿ ಕೊಟ್ಟೆ. ಅವನ ಅಕ್ಕ ವಿಜಯಲಕ್ಷ್ಮಿ ತಟ್ಟೆ ಕೆಳಗಿಟ್ಟು ಮೊಬೈಲ್ ತೆಗೆದಳು, ಏನ್ರಿ ಸ್ನೇಹಾ ಬಾಯಾರ, ನಿಮ್ಮ ನಂಬರ ಕೇಳಿ ಕೇಳಿ ನಮಗ ಸಾಕಾಗಿತ್ತು, ಇಂಜಿನಿಯರ್ ಅವಲಕ್ಕಿನೂ ಮಾಡ್ತಾರೇನ್ರಿ. ಅವ್ವನಿಗೆ ಏನೂ ತಿಳಿಯಲಿಲ್ಲ, ನಮ್ಮಕಿ ಕಸ್ತೂರಿ ಅಂತರಿ, ಎಂಟನೇತ್ತ ಕಲತಾಳ್ರಿ. ಎರಡ ಹೆಸರಿನ ಹುಡುಗಿ ನಮಗ ಬ್ಯಾಡವಾ, ವಿಜಯಲಕ್ಷ್ಮಿ ಅಂದಳು. ಮಾಲಿಂಗ ಮೊಬೈಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಫೋಟೋದಾಗ ಚಲೋ ಕಾಣಸ್ತಾಳ, ಅಂದ. ಅವರು ಆಫೀಸಿಗೆ ಬಂದು ಜಗಳ ತೆಗೆದಾಗ ಮಹೇಶಣ್ಣ ಅವರಿಗೆ ಚಹಾ ತರಿಸಿದ, ಆ ಹುಡುಗಿ ತಾನ ಹಾಕ್ಕೊಂಡಾಳ್ರಿ, ನಮಗ ಗೊತ್ತ ಇಲ್ಲ, ಬಡವರ ಮಕ್ಕಳು, ಆಸೆ ಇರತೈತಿ — ನಾನು ಅದೇ ಟೇಬಲ್ಲಿನ ಆಚೆ ಕೂತಿದ್ದೆ — ಆಮೇಲೆ ಹುಕ್ಕೇರಿಯ ಒಂದು ಹುಡುಗಿಯ ವಿಳಾಸ ಕೊಟ್ಟ, ಮಾಲಿಂಗನಿಗೆ ಅದು ಕೂಡಿತು, ನಮ್ಮ ಸೈಟಿನ ಮೊದಲ ಲಗ್ನ.

ನಾಳೆ ಹುಕ್ಕೇರಿಯಲ್ಲಿ ಹೊಸ ಬ್ರಾಂಚಿನ ಪೂಜೆ, ಬಸ್ ಸ್ಟ್ಯಾಂಡಿನೆದುರು ದೊಡ್ಡ ಫ್ಲೆಕ್ಸು, ಅದರಲ್ಲಿ ಆ ಲಗ್ನದ ಫೋಟೋ. ಹುಡುಗಿಯ ಅಪ್ಪ ಫೋಟೋ ಕೊಟ್ಟ, ಮುಖ ಕೊಡಲಿಲ್ಲ, ಅಳಿಯಂದ ಹಾಕ್ರಿ, ನಮ್ಮಕೀದು ಬ್ಯಾಡ, ಹಾಗಾಗಿ ಬೆಳಿಗ್ಗೆ ನಾನೇ ಅವಳ ಮುಖ ಅಳಿಸಿದೆ, ಬಾಸಿಂಗ ಉಳಿಸಿಕೊಂಡು, ಈಗ ಹಣೆಯಿಲ್ಲದೆ ಬಾಸಿಂಗ ತೂಗುತ್ತಿದೆ, ಅದರ ಕೆಳಗೆ ಬೂದು-ಬಿಳಿ ಚೌಕಳಿ, ಏನೂ ಇಲ್ಲದ ಕಡೆ ಕಂಪ್ಯೂಟರ್ ತೋರಿಸುವ ಚೌಕಳಿ. ನಿನ್ನ ಮುಖಾ ಹಚ್ಚಿಬಿಡವಾ, ಮಹೇಶಣ್ಣ ಅಂದ. ಅಣ್ಣಾರ, ಅವರು — ಅಂದೆ. ಕೇಳೇನಿ ಹುಚ್ಚಿ, ಮಾಲಿಂಗನ ಅಕ್ಕ ತಾನ ಹೂಂ ಅಂದಾಳ. ಹೇಗೆ ಅಂದಳೆಂದು ಶಿದ್ರಾಮ ಆಮೇಲೆ ಹೇಳಿದ, ನಗು ತಡೆದುಕೊಂಡು, ಹಾಕ್ರಿ, ಪಾಪ, ಫೋಟೋದಾಗರೇ ಆಕೀ ಲಗ್ನಾ ಆಗಲಿ. ಫ್ಲೆಕ್ಸು ಏರಿದರೆ ಬಸ್ಸಿನಲ್ಲಿ ಹೋಗಿಬರುವವರಿಗೆಲ್ಲ ನಾನು ಲಗ್ನವಾದವಳು, ಇನ್ನು ನನ್ನನ್ನು ಕೇಳಿಕೊಂಡು ಅವ್ವನ ಬಾಗಿಲಿಗೆ ಯಾರು ಬರುತ್ತಾರೆ, ಒಲ್ಲೆ ಅನ್ನಬೇಕು, ಒಲ್ಲೆ ಅನ್ನುವುದಕ್ಕೆ ಬಾಯಿ ಬೇಕು, ಬಾಯಿ ಪರದೆಯ ಬಲಗಡೆ ಇದೆ, ನಗುತ್ತಿದೆ, ಸ್ನೇಹಾಳದು. ಮದುಮಗಳು ಕತ್ತು ಬಗ್ಗಿಸಿದ್ದಾಳೆ, ಹಿಂದೆ ಮಾಲಿಂಗನ ಬೆರಳು ತಾಳಿಗೆ ಗಂಟು ಹಾಕುತ್ತಿವೆ, ನನ್ನ ಮುಖ ನೆಟ್ಟಗಿದೆ, ವಾಲಿಸಬೇಕು, ಬಣ್ಣ ತಿಳಿ ಮಾಡಬೇಕು, ಅವಳ ಕತ್ತು ಬೆಳ್ಳಗಿದೆ — ಆತೇನವಾ, ಫ್ಲೆಕ್ಸಿನವ್ರ ಕಾಯಾಕತ್ತಾರ, ಶಿದ್ರಾಮ ಕೂಗುತ್ತಾನೆ — ಆತ್ರಿ, ಅನ್ನುತ್ತೇನೆ, ಆಗಿಲ್ಲ, ಮೌಸಿನಿಂದ ನನ್ನ ಗಲ್ಲ ಹಿಡಿದು ಎಳೆದು ತರುತ್ತೇನೆ, ಬಾಸಿಂಗದ ಹತ್ತಿರ, ಬಿಟ್ಟರೆ ಕೂಡುತ್ತದೆ, ಬಿಡಲು ಆಗುತ್ತಿಲ್ಲ, ಬಾಸಿಂಗ, ಕೆಳಗೆ ಚೌಕಳಿ, ಚೌಕಳಿಯ ಕೆಳಗೆ ಕತ್ತು, ಕತ್ತಿನ ಹಿಂದೆ ಅವನ ಬೆರಳು, ಬಾಸಿಂಗ, ಚೌಕಳಿ, ಕತ್ತು, ಅವನ ಬೆರಳು, ಗಂಟು