ಕಾಂಪೊಗೆ ಎಷ್ಟು ಸಲ ಹೋಗ್ತೀರಿ?

"ಲೇ ಮುದುಕಿ, ಸೊಂಟ ನೆಟ್ಟಗೆ ಮಾಡ್ಕಂಡು ಆಕಾಶ ನೋಡಕ್ಕೆ ಇದೇನು ನಿಮ್ಮಪ್ಪನ ಹೊಲವೇನೇ?"

ಮೇಸ್ತ್ರಿ ರುತೀಲಿಯೊ ಬೈದದ್ದು ನಮ್ಮತ್ತೆ ಒಬ್ದೂಲಿಯಾಳನ್ನು. ಅತ್ತೆ ಮತ್ತೆ ಸ್ಟ್ರಾಬೆರಿ ಸಾಲಿಗೆ ಬಗ್ಗಿದಳು. "ನಮ್ಮಪ್ಪಂದಾಗಿದ್ರೆ ನಿನ್ನ ಬೆದರುಬೊಂಬೆ ಮಾಡಿ ನಿಲ್ಲಿಸ್ತಿದ್ದೆ ಕಣೋ ಬೋಳಿಮಗನೆ" ಎಂದು ಗಿಡಗಳಿಗೆ ಹೇಳಿದಳು.

ಆ ಸಂಜೆ ಮನೆ ಬಾಗಿಲಿಗೆ ಹ್ಯಾಡ್ಲಿ ಎಂಬ ಹುಡುಗಿ ಬಂದಳು. ಈ ಜಿಲ್ಲೆಯ ಪಾರ್ಕುಗಳನ್ನು ನೋಡಿಕೊಳ್ಳುವ ಉದ್ಯಾನದ ಕಚೇರಿಯವಳು. ಮೆಕ್ಸಿಕೋದಿಂದ ಈ ದೇಶಕ್ಕೆ ಕೂಲಿಗೆ ಬಂದ ನಮ್ಮಂಥ ಸಂಸಾರಗಳಿಗೆ ಪ್ರಕೃತಿ ಎಂದರೆ ಏನು ಅಂತ ಕೇಳಿ ಬರೆದುಕೊಂಡು, ನಮಗೆ ಒಪ್ಪುವ ಕಾರ್ಯಕ್ರಮ ಮಾಡುತ್ತಾರಂತೆ. ಪುಸ್ತಕದಿಂದ ಕಲಿತ ನಮ್ಮ ಭಾಷೆಯಲ್ಲೇ ಶುರುಮಾಡಿದಳು.

"ಅಮ್ಮಾ, ತಾವು ತಿಂಗಳಿಗೆ ಎಷ್ಟು ಸಲ ಕಾಂಪೊಗೆ ಹೋಗುತ್ತೀರಿ?"

ಅವಳ ಪುಸ್ತಕದಲ್ಲಿ ಕಾಂಪೊ ಅಂದರೆ ಹಸಿರು, ಹಕ್ಕಿ, ತಂಗಾಳಿ. ನಮ್ಮ ಬಾಯಲ್ಲಿ ಕಾಂಪೊ ಅಂದರೆ ಕೂಲಿಗೆ ಹೋಗುವ ಹೊಲ.

"ಇಪ್ಪತ್ತಾರು ದಿನ" ಅಂದಳು ಅತ್ತೆ.

ಹುಡುಗಿಯ ಮುಖ ಅರಳಿತು. "ಎಷ್ಟು ಹೊತ್ತು ಇರುತ್ತೀರಿ?"

"ಹತ್ತು ಗಂಟೆ. ಬಿಟ್ರೆ ತಾನೆ ಮನೆಗ್ ಬರೋದು."

"ಅಲ್ಲಿ ಏನು ಮಾಡುತ್ತೀರಿ?"

"ಬಗ್ಗಿ ಬಗ್ಗಿ ಗಿಡ ನೋಡ್ತೀವಿ."

"ಮನಸ್ಸಿಗೆ ಏನನ್ನಿಸುತ್ತದೆ?"

"ಮನಸ್ಸಿಗೇನಿಲ್ಲ ತಾಯಿ, ಅನ್ಸೋದೆಲ್ಲ ಸೊಂಟಕ್ಕೇ."

ಎಲ್ಲ ಬರೆದುಕೊಂಡಳು. ಆಗ ಅತ್ತೆ ನನ್ನ ಕೂಸನ್ನು ತೋರಿಸಿದಳು. "ಈಗ ನಂದೊಂದು ಬರ್ಕೊ. ಇದರ ದೀಕ್ಷಾಸ್ನಾನದ ಊಟಕ್ಕೆ ನಲವತ್ತು ಜನ ಆಯ್ತಾರೆ. ಈ ಎರಡು ಕೋಣೇಲಿ ಎಲ್ಲಿ ಕೂರಿಸ್ಲಿ? ನಿಮ್ಮ ಹೊಳೆ ಪಾರ್ಕಲ್ಲಿ ಎಂಟು ಜನದ ಮೇಲೆ ಕೂರಂಗಿಲ್ಲ ಅಂತಾರೆ. ಹೋದ್ಸಲ ಉಣ್ತಿದ್ದೋರ್ನ ಎಬ್ಬಿಸಿ ಅಟ್ಟಿದ್ರು."

"ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ ಅಮ್ಮಾ."

"ಪಾರ್ಕಲ್ಲೂ ಇಲ್ಲ, ಫಾರಮ್ಮಲ್ಲೂ ಇಲ್ಲ, ಬುಡು."

ತಿಂಗಳಾದ ಮೇಲೆ ಗ್ರಂಥಾಲಯದಲ್ಲಿ ಸಭೆ ಕರೆದು ವರದಿ ಓದಿದರು. ನಮ್ಮಂಥ ಪ್ರಕೃತಿಪ್ರಿಯರು ಜಿಲ್ಲೆಯಲ್ಲೇ ಇಲ್ಲವಂತೆ. ಅದಕ್ಕೇ ಭಾನುವಾರ ನಮಗೆಂದು ಉಚಿತ ಬಸ್ಸು ಬಿಟ್ಟು, ಹೊಲಕ್ಕೆ ಕರೆದೊಯ್ದು, ಸ್ಟ್ರಾಬೆರಿ ಕೀಳುವ ಆನಂದ ಕೊಡುತ್ತಾರಂತೆ. ಯಾವ ಹೊಲ? ಮೇಸ್ತ್ರಿ ರುತೀಲಿಯೊ ನಮ್ಮನ್ನು ಬೈದು ದುಡಿಸುವ ಹೊಲವೇ. ವಾರವಿಡೀ ಕೀಳುವ ಅದೇ ಸಾಲು, ಭಾನುವಾರ ಪುಕ್ಕಟೆ. ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಎಂಟು ಜನದ ನಿಯಮದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಅತ್ತೆ ಕೈ ಎತ್ತಿ ಒಂದೇ ಮಾತು ಕೇಳಿದಳು. "ಬಸ್ಸಲ್ಲಿ ಎಷ್ಟು ಜನ ಹಿಡೀತಾರೆ?"

"ಐವತ್ತು."

ಭಾನುವಾರ ಕೂಸಿನ ದೀಕ್ಷಾಸ್ನಾನ ಮುಗಿಸಿ ಚರ್ಚಿನಿಂದ ನೇರ ಬಸ್ಸಿಗೆ ಹತ್ತಿದೆವು. ಬಿಳಿ ಅಂಗಿಯ ಕೂಸು, ಕೋಳಿಸಾರಿನ ಹಂಡೆ, ಜೋಳದ ರೊಟ್ಟಿಯ ಬುಟ್ಟಿ, ನಲವತ್ತು ಜನ. ಡ್ರೈವರ್ ನಮ್ಮೂರಿನವನೇ. "ಹೊಳೆ ಕಡೆ ಹೊಡಿ ಮಗ" ಅಂದಳು ಅತ್ತೆ.

ಮುಂದಿನ ಸೀಟಿನಲ್ಲಿದ್ದ ಹ್ಯಾಡ್ಲಿ ಗಾಬರಿಯಾದಳು. "ಹೊಲ ಈ ಕಡೆ ಅಲ್ಲವಲ್ಲ ಅಮ್ಮಾ?"

"ಹೊಲ ಎಲ್ಲೋಯ್ತದೆ ತಾಯಿ, ನಾಳೆ ನಾವೇ ಹೋಯ್ತೀವಿ."

ಪಾರ್ಕಿನ ಕಾವಲುಗಾರ ಕೈ ಅಡ್ಡ ಹಿಡಿದ. "ಎಂಟು ಜನಕ್ಕಿಂತ ದೊಡ್ಡ ಗುಂಪು ಒಳಗೆ ಬಿಡಲ್ಲ."

"ನಾವು ಗುಂಪಲ್ಲ ಕಣಪ್ಪ" ಎಂದು ಅತ್ತೆ ಉದ್ಯಾನದ ಕಚೇರಿಯವರೇ ಬಸ್ಸಿಗೆ ಕಟ್ಟಿದ್ದ ಬ್ಯಾನರಿಗೆ ಬೆರಳು ತೋರಿದಳು. "ಕಾರ್ಯಕ್ರಮ."

ಅವನು ಬ್ಯಾನರು ಓದಿದ, ಹ್ಯಾಡ್ಲಿಯ ಮುಖ ನೋಡಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಕೈಗೆ ರೊಟ್ಟಿ ಬುಟ್ಟಿ ಕೊಟ್ಟು, ಬಡಿಸು ನಡಿ ಅಂದಳು. ಕಾವಲುಗಾರ ಕಚೇರಿಗೆ ಫೋನು ಹಚ್ಚಿದ. ನಾವು ಮರದಡಿ ಮೊದಲ ಪಂಕ್ತಿ ಕೂರಿಸಿದೆವು.