ತವರುಮನೆಯ ಮೀನುಗಳು

ಜೀವಶಾಸ್ತ್ರದ ಮೇಡಂಗೆ ಕಾಯಂ ಕೆಲಸ ಇರಲಿಲ್ಲ. ಶಾಲೆಗೆ ಬಂದು ನಾಲ್ಕು ವರ್ಷವಾಗಿತ್ತು. ಪ್ರತಿ ಬೇಸಿಗೆ ರಜೆಗೆ ಮುಂಚೆ ಅವಳನ್ನು ಕೆಲಸದಿಂದ ಬಿಡಿಸಿ, ಶಾಲೆ ತೆರೆದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಈ ಸಲ ವಿಜ್ಞಾನ ಮೇಳದಲ್ಲಿ ಅವಳಿಗೆ ಬಹುಮಾನ ಬಂದರೆ ಕಾಯಂ ಮಾಡುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಅದಕ್ಕೆ ಅವಳ ಹತ್ತಿರ ಮೀನುಗಳಿದ್ದವು.

ಮೊದಲ ವರ್ಷ ಒಂದೇ ಬಕೆಟ್ಟಿನ ಗಪ್ಪಿ ಮೀನುಗಳನ್ನು ಎರಡು ಪಾಲು ಮಾಡಿ ಪ್ರಯೋಗಾಲಯದ ಎರಡು ಗಾಜಿನ ತೊಟ್ಟಿಗೆ ಬಿಟ್ಟಿದ್ದಳು. ಒಂದರಲ್ಲಿ ಅವನ್ನು ಹಿಡಿದು ತಿನ್ನುವ, ಅಂಗೈ ಅಗಲದ ದೊಡ್ಡ ಮೀನೂ ಇತ್ತು. ಎದ್ದು ಕಾಣುವ ಗಂಡುಗಳು ಅದರ ಹೊಟ್ಟೆ ಸೇರಿದವು. ಮಂಕಾದವು ಗಿಡದ ಮರೆಯಲ್ಲಿ ಬದುಕಿ ಸಂತಾನ ಬೆಳೆಸಿದವು. ತಲೆಮಾರು ಕಳೆದಂತೆ ಆ ತೊಟ್ಟಿಯೆಲ್ಲ ಮಣ್ಣುಬಣ್ಣ. ಇನ್ನೊಂದರಲ್ಲಿ ಹಿಡಿಯುವವರು ಯಾರೂ ಇಲ್ಲ, ಹೆಣ್ಣುಗಳೂ ಥಳುಕಿನ ಗಂಡನ್ನೇ ಮೆಚ್ಚಿದವು. ಅಲ್ಲಿ ಕಿತ್ತಳೆ, ನೀಲಿ ಬಾಲಗಳು ಬೀಸಣಿಗೆಯಂತೆ ಅಗಲವಾದವು. ಮಕ್ಕಳಿಗೆ ನೆನಪಿರಲೆಂದು ಅವಳು ಚೀಟಿ ಅಂಟಿಸಿದ್ದಳು. ಮೊದಲನೆಯದು ಅತ್ತೆಮನೆ, ಎರಡನೆಯದು ತವರುಮನೆ. ದೊಡ್ಡ ಮೀನಿನ ಹೆಸರು ಅತ್ತೆ.

"ಅತ್ತೆಯವರ ಊಟ ಆಯ್ತಾ ಮೇಡಂ?" ಎಂದು ಹುಡುಗಿಯರು ಕೇಳುತ್ತಿದ್ದರು.

"ಆಯ್ತು ಕಣ್ರೇ. ಬೆಳಿಗ್ಗೆ ಒಬ್ಬ ಅಳಿಯನ್ನ ಮುಗಿಸಿದ್ದಾರೆ."

ಮೇಳದ ಹಿಂದಿನ ದಿನ ವೈಸ್ ಪ್ರಿನ್ಸಿಪಾಲರು ಬಂದರು. ಗೈಡ್ ಇಲ್ಲದೆ ತರಗತಿಗೆ ಕಾಲಿಡದ ಅವರಿಗೆ ಮಕ್ಕಳು ಇಟ್ಟ ಹೆಸರು ಗೈಡ್ ಸಾರ್. ಎರಡೂ ಚೀಟಿ ಕಿತ್ತು ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡರು.

"ಇದೇನು ಮೇಡಂ, ಮೇಳನೋ ಮದುವೆ ಮನೆನೋ? ಅ, ಬ ಅಂತಿರ್ಲಿ. ನೀಟಾಗಿರುತ್ತೆ."

ಜೊತೆಗೆ ಒಂದು ಬೋರ್ಡು ತಂದಿದ್ದರು. ಅದರಲ್ಲಿ ಪ್ರಯೋಗ ಮಾಡಿದವರು ಎಂದಿತ್ತು, ಕೆಳಗೆ ಅವರ ಹೆಸರೊಂದೇ ಇತ್ತು.

"ನನ್ನ ಹೆಸರು ಸಾರ್?"

"ಟೆಂಪರರಿಯವರ ಹೆಸರು ಹಾಕೋ ಹಾಗಿಲ್ಲಮ್ಮ. ರೂಲ್ಸು. ನಾವೇನು ಬೇರೆ ಬೇರೆನಾ?"

ಅವಳು ಎದುರಾಡಲಿಲ್ಲ. ಕತ್ತು ಕುಯ್ದವನನ್ನು ಬೈದು ಬಾಯಿ ನೋಯಿಸಿಕೊಂಡರೆ ಬರುವುದೇನು? ಇವನಿಗೆ ನಾಲ್ಕು ಜನರೆದುರು ಮಣ್ಣು ಮುಕ್ಕಿಸಬೇಕು.

ದಾರಿ ಅವರೇ ತೋರಿಸಿದರು. ಸಂಜೆ ತೊಟ್ಟಿಗಳನ್ನು ಸಭಾಂಗಣಕ್ಕೆ ಸಾಗಿಸಲು ಅತ್ತೆಯನ್ನು ಬಕೆಟ್ಟಿಗೆ ಹಾಕಿಟ್ಟಿದ್ದಳು. ಗೈಡ್ ಸಾರ್ ಅದರೊಳಗೆ ಬಗ್ಗಿ ನೋಡಿದರು.

"ಇದನ್ನ ನಾಳೆ ತೀರ್ಪುಗಾರರ ಎದುರಿಗೇ ಬಿಡ್ತೀನಿ. ಒಂದು ಗತ್ತಿರುತ್ತೆ. ಬಣ್ಣ ಇರೋ ತೊಟ್ಟಿಗೆ ಅಲ್ವಾ ಬಿಡೋದು? ದೊಡ್ಡದನ್ನ ಹೆದರಿಸೋಕೆ ತಾನೇ ಅವು ಬಣ್ಣ ಬರಿಸಿಕೊಂಡಿರೋದು?"

ನಾಲ್ಕು ವರ್ಷ ಅವಳು ಮಕ್ಕಳಿಂದ ಬಿಡಿಸಿದ ತಪ್ಪೇ ಅದು. ಮೀನು ಬೇಕೆಂದು ಬಣ್ಣ ಬರಿಸಿಕೊಳ್ಳುವುದಿಲ್ಲ. ಹುಟ್ಟುವಾಗಲೇ ಬಣ್ಣ ಬೇರೆ ಬೇರೆ ಇರುತ್ತದೆ, ಅದರಲ್ಲಿ ಕೆಲವು ಉಳಿಯುತ್ತವೆ, ಕೆಲವು ಅಳಿಯುತ್ತವೆ. ತಿದ್ದಲು ಒಂದು ಮಾತು ಸಾಕಿತ್ತು. ಅವಳು ತೊಟ್ಟಿಗಳ ಕಡೆ ನೋಡಿದಳು. ಅವರು ಅಂಟಿಸಿದ್ದ 'ಅ' ಎಂಬ ಹೊಸ ಚೀಟಿ ತವರುಮನೆಯ ಮೇಲಿತ್ತು.

"ಅತ್ತೆ ಅಂದ್ರೆ ಅ ತಾನೇ ಸಾರ್."

"ನಾನೂ ಅದೇ ಅಂದ್ಕೊಂಡೆ," ಎಂದರು ಗೈಡ್ ಸಾರ್.

ನಾಲ್ಕೈದು ಮೀನು ಹೋಗುತ್ತವೆ, ಹೋಗಲಿ ಎಂದು ಅವಳು ಲೆಕ್ಕ ಹಾಕಿದಳು. ತೀರ್ಪುಗಾರರು ಕಾರಣ ಕೇಳುತ್ತಾರೆ, ಇವನು ತೊದಲುತ್ತಾನೆ. ಆಗ ತಾನು ಮುಂದೆ ಬಂದು ಅತ್ತೆಯನ್ನು ಎತ್ತಿ, ಪ್ರಯೋಗ ಯಾರದೆಂದು ತೋರಿಸಿಕೊಡುವುದು. ಬೆಳಿಗ್ಗೆ ಬಲೆ ಕೈಯಲ್ಲೇ ಹಿಡಿದು ನಿಂತಳು.

ತೀರ್ಪುಗಾರ್ತಿ ನರೆಗೂದಲಿನ ಪ್ರೊಫೆಸರ್. ಗೈಡ್ ಸಾರ್ ಬಕೆಟ್ ಎತ್ತಿ ಸುರಿದರು. ತವರುಮನೆಯ ಗಂಡುಗಳು ಓಡಲಿಲ್ಲ. ಬಂದವರು ಯಾರೆಂದು ನೋಡಲು ಬಾಲ ಅಗಲಿಸಿಕೊಂಡು ಮೂತಿಯ ಹತ್ತಿರವೇ ಬಂದವು. ಅತ್ತೆ ಬಾಯಿ ತೆರೆಯಿತು. ಕಿತ್ತಳೆ ಬಾಲ ಹೋಯಿತು, ಅದರ ಹಿಂದೆ ನೀಲಿ. ಮುಂದಿನ ಸಾಲಿನಲ್ಲಿ ಒಂದು ಮಗು ಅಳತೊಡಗಿತು.

"ಇವು ಯಾಕೆ ಬಚ್ಚಿಟ್ಟುಕೊಳ್ತಿಲ್ಲ?" ಪ್ರೊಫೆಸರ್ ಕೇಳಿದರು.

ಗೈಡ್ ಸಾರ್ ಕತ್ತು ಒರೆಸಿಕೊಂಡರು. ಆ ಬೆವರು ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಲೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು.

ಪ್ರೊಫೆಸರ್ ಗಾಜಿನ ಹತ್ತಿರ ಬಗ್ಗಿದರು. "ಓಹೋ. ಇವುಗಳ ಹಿರಿಯರೂ ಇಂಥದ್ದನ್ನ ಕಂಡಿಲ್ಲ. ಎದ್ದು ಕಾಣೋವೇ ಮೊದಲು ಹೋಗ್ತಿವೆ. ಪುಸ್ತಕದಲ್ಲಿ ಓದೋ ನಿಸರ್ಗದ ಆಯ್ಕೆ ಇಲ್ಲಿ ಕಣ್ಣೆದುರೇ ನಡೀತಿದೆಯಲ್ಲ. ಬೇಕಂತಲೇ ಇದಕ್ಕೆ ಬಿಟ್ರಾ?"

ಗೈಡ್ ಸಾರ್‌ಗೆ ಹೋದ ಜೀವ ಬಂತು. "ಮತ್ತೆ? ಬೇಕಂತಲೇ ಮೇಡಂ. ಬಾಯಲ್ಲಿ ಹೇಳಿದ್ರೆ ಮಕ್ಕಳ ತಲೆಗೆ ಹತ್ತಲ್ಲ ನೋಡಿ."

"ಬಹಳ ಚೆನ್ನಾಗಿದೆ. ಮೇಳ ಮುಗಿಯೋವರೆಗೂ ಹೀಗೇ ಇರ್ಲಿ, ತೆಗೀಬೇಡಿ."

"ಕೇಳಿಸ್ತಾ ಮೇಡಂ?" ಗೈಡ್ ಸಾರ್ ಅವಳತ್ತ ತಿರುಗಿದರು. "ಬಲೆ ಒಳಗಿಡಿ."

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಆದರೆ ಪ್ರಯೋಗ ತನ್ನದೆಂದರೆ, ಮೀನು ತಪ್ಪು ತೊಟ್ಟಿಗೆ ಬಿದ್ದದ್ದು ಹೇಗೆಂದೂ ಹೇಳಬೇಕು. ಬಾಯಿ ಬಿಟ್ಟರೆ ಬಣ್ಣಗೇಡು. ಅವಳು ಬಲೆ ಮಡಚಿದಳು.

ಮೇಳ ಮೂರು ದಿನ ನಡೆಯಿತು. ತೊಟ್ಟಿಯ ಪಕ್ಕ ಅವಳೇ ನಿಂತು, ಬಂದವರಿಗೆಲ್ಲ ಗೈಡ್ ಸಾರ್ ಅವರ ಪ್ರಯೋಗ ವಿವರಿಸಿದಳು. ಮೊದಲ ಬಹುಮಾನ ಅದಕ್ಕೇ ಬಂತು.

"ಬಹುಮಾನ ಸಾರ್‌ಗೆ ಬಂದಿದೆಯಲ್ಲಮ್ಮ," ಎಂದರು ಪ್ರಿನ್ಸಿಪಾಲರು. "ನಿಮ್ಮದು ಮುಂದಿನ ವರ್ಷ ನೋಡೋಣ."

ಆಮೇಲೆ ಪ್ರಯೋಗಾಲಯದಲ್ಲಿ ಅತ್ತೆಯನ್ನು ಅತ್ತೆಮನೆಗೆ ಸೇರಿಸಿ, ತವರುಮನೆಯ ಮುಂದೆ ಕುಳಿತು ಎಣಿಸಿದಳು. ಮೂರು ಗಂಡು ಉಳಿದಿದ್ದವು, ಮೂರೂ ಮಂಕು. ಹೋದದ್ದು ಗಂಡು ಹತ್ತೊಂಬತ್ತು, ಹೆಣ್ಣು ಒಂದು.