ಕಂಬ ತಾಗಿದ ಬಾಗಿಲು

ಸುಟ್ಟ ಬಣ್ಣದ ವಾಸನೆ, ಮೂಗಿಗೆ ಒಮ್ಮೆ ಹತ್ತಿದರೆ ಅನ್ನಕ್ಕೂ ಅದೇ ರುಚಿ, ಗ್ರೈಂಡರ್ ನಿಂತು ಎಷ್ಟೋ ಹೊತ್ತಾಗಿದ್ದರೂ ಕಿವಿಯೊಳಗೆ ಇನ್ನೂ ಜುಂಯ್ ಅನ್ನುತ್ತಿದೆ, ತಗಡಜ್ಜ ಕನ್ನಡಕವನ್ನು ಹಣೆಗೇರಿಸಿ ತೋಳಿನಲ್ಲಿ ಕಣ್ಣೊರೆಸಿಕೊಂಡ, ಓಣಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ, ಬಾಯಿ ತುಂಬ ಹಲ್ಲಿದ್ದಾಗಲೂ ತಗಡಜ್ಜನೇ, ನಜ್ಜಿದ ಕಾರಿನ ಮೈಯನ್ನು ಬಡಿದು ಬಡಿದು ನೆಟ್ಟಗೆ ಮಾಡುವವನಿಗೆ ಬೇರೆ ಹೆಸರು ಯಾಕೆ ಬೇಕು — ಮೇಜಿನ ಕಂಬಳಿಯ ಮೇಲೆ ಹೊಸ ತಗಡು ಬೋರಲು ಮಲಗಿದೆ, ಅದರ ಬೆನ್ನಿಗೆ ಕಾರಿನ ಬಾಗಿಲಿನ ಚೌಕಟ್ಟು ಕೂತಿದೆ, ಒಳಗಿನ ಅಡ್ಡಸರಳು, ಗಾಜು ಇಳಿಯುವ ಹಳಿ ಎಲ್ಲ ಬಯಲಿಗೆ, ಸುತ್ತಲೂ ಅಂಟು ಎಳೆದಾಗಿದೆ, ಇನ್ನು ತಗಡಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತ ಚೌಕಟ್ಟಿನ ಮೇಲೆ ಮಡಿಸಿಬಿಟ್ಟರೆ ಆಯಿತು, ಅಂಟು ಬಿಗಿಯುವುದರೊಳಗೆ, ಆಮೇಲೆ ಅಂದರೆ ಬಾಗಿಲು ಹೋದಂತೆಯೇ. ಟಕ್ ಟಕ್. ಜೋರಾಗಿ ಹೊಡೆದರೆ ಪೆಟ್ಟು ಹೊರಮೈಗೆ ಮೂಡುತ್ತದೆ. ಮೇಲಂಚು ಮುಗಿಯಿತು, ಬೀಗದ ಕಡೆಯ ಅಂಚು ಮುಗಿಯಿತು, ಈಗ ಕೆಳಗಂಚು, ಅಳಿಯ ಸಂಜೆಗೆ ಬರುತ್ತೇನೆ ಅಂದಿದ್ದಾನೆ, ಅಳಿಯನ ಕಾರು, ಮಗಳೂ ಅದರಲ್ಲೇ ಓಡಾಡುವುದು, ಬೆಳಿಗ್ಗೆ ತಂದು ನಿಲ್ಲಿಸಿದಾಗಲೇ ಹಿಂದಿನ ಸೀಟಿನಲ್ಲಿ ಹೊಸ ತಗಡನ್ನೂ ಇಟ್ಟುಕೊಂಡು ಬಂದಿದ್ದ, ಕಂಬಕ್ಕೆ ತಾಗಿಬಿಡ್ತು ಮಾವ, ಹಿಂದೆ ತಗೊಳ್ಳುವಾಗ, ನೋಡಲೇ ಇಲ್ಲ ನಾನು, ಬಡಿಯೋದೆಲ್ಲ ಬೇಡ, ವಯಸ್ಸಾಯ್ತು ನಿಮಗೆ, ಸುಮ್ನೆ ಹೊಸದು ಹಾಕಿಬಿಡಿ, ಹಳೇದನ್ನ ಗುಜರಿಗೆ ಎಸೀರಿ. ಒಳ್ಳೆಯ ಮಾತು, ಯಾವಾಗಲೂ ಒಳ್ಳೆಯ ಮಾತೇ ಅವನ ಬಾಯಲ್ಲಿ, ಬಂದಾಗೊಮ್ಮೆ ಅತ್ತೆಗೆ ಹಣ್ಣು, ಮಾವನ ಮುಂದೆ ಕೂರುವಾಗ ಕಾಲ ಮೇಲೆ ಕಾಲು ಹಾಕಿದವನಲ್ಲ, ಎಂಥ ಅಳಿಯನೇ ನಿಂಗೆ ಸಿಕ್ಕಿರೋದು ಅಂತ ಓಣಿಯ ಹೆಂಗಸರು ತಗಡಜ್ಜನ ಹೆಂಡತಿಯ ಹೊಟ್ಟೆ ತಂಪು ಮಾಡುತ್ತಿದ್ದರು — ಹಳೆಯ ತಗಡು ಗೋಡೆಗೆ ಒರಗಿದೆ, ಅದರ ಕಡೆ ನೋಡಬಾರದು, ಟಕ್, ನೋಡಿದ, ಬಿಸಿಲು ಶೆಡ್ಡಿನ ಬಾಗಿಲಿನಿಂದ ಓರೆಯಾಗಿ ಬಿದ್ದಿದೆ, ಅಡ್ಡಬಿಸಿಲಿನಲ್ಲಿ ತಗಡು ಏನನ್ನೂ ಮುಚ್ಚಿಡುವುದಿಲ್ಲ, ನಡುವೆ ಅಗಲಕ್ಕೆ ತೆಳುವಾಗಿ ತಗ್ಗಿದ ಒಂದು ಜಾಗ, ಯಾರೋ ಬಂದು ಒರಗಿ ಎದ್ದುಹೋದ ದಿಂಬಿನ ಹಾಗೆ, ಅದರ ಪಕ್ಕದಲ್ಲಿ ಇನ್ನೊಂದು, ಸಣ್ಣದು, ದುಂಡಗೆ, ಆಳ, ಹೆಬ್ಬೆರಳು ಕೂರುವಷ್ಟು ಗುಳಿ.

ಬೆಳಿಗ್ಗೆಯೇ ಕೈಯಾಡಿಸಬೇಕಿತ್ತು. ಕಣ್ಣು ಮುಚ್ಚಿ ಅಂಗೈಯಿಂದ ಇಡೀ ಮೈಯನ್ನು ಸವರಿ ನೋಡದೆ ಗ್ರೈಂಡರಿಗೆ ಕೈ ಹಾಕಿದವನೇ ಅಲ್ಲ ಅವನು, ಇವತ್ತು ಮಾತ್ರ ಹೇಗಿದ್ದರೂ ಕಿತ್ತು ಎಸೆಯುವ ತಗಡು ತಾನೇ ಅಂದುಕೊಂಡ, ನಾಳೆ ಸುಡುವ ಹೆಣಕ್ಕೆ ನಾಡಿ ಯಾಕೆ ಹಿಡಿಯುವುದು ಅಂತ, ಕಂಬ ಅಂದರೆ ಕಂಬ, ಮನೆಯವನ ಮಾತಲ್ಲವೇ — ಕಂಬವಂತೆ, ಕಂಬ ತಾಗಿದರೆ ಬಣ್ಣ ಕಿತ್ತುಬರುತ್ತದೆ, ತಗಡು ಉದ್ದಕ್ಕೆ ಮಡಿಚಿಕೊಳ್ಳುತ್ತದೆ, ಇಲ್ಲಿ ಒಂದು ಗೀರಿಲ್ಲ, ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಮೈ ತಾಗಿದ್ರೆ ಗೀರಲ್ಲ ಅಪ್ಪಾ, ಒತ್ತುತ್ತೆ ಅಷ್ಟೆ, ಅಂದವಳು ಮಗಳೇ, ಇದೇ ಮೇಜಿನ ಆಚೆ ತುದಿಯಲ್ಲಿ, ಎತ್ತರದ ಸ್ಟೂಲಿನ ಮೇಲೆ ಕಾಲು ತೂಗುಬಿಟ್ಟು, ಎರಡೂ ಮೊಣಕೈ ಮೇಜಿಗೂರಿ ಅಂಗೈಯಲ್ಲಿ ಗಲ್ಲ ಇಟ್ಟುಕೊಂಡು, ಶಾಲೆಯಿಂದ ನೇರ ಇಲ್ಲಿಗೇ ಬರುತ್ತಿದ್ದಳು ಇಲಿಮರಿ, ಇಲಿಮರಿ ಅಂತಲೇ ಕರೆಯುತ್ತಿದ್ದ ಮಗಳನ್ನು, ಎಲ್ಲ ಡಬ್ಬಿಯೊಳಗೂ ಮೂಗು ತೂರಿಸುತ್ತಿದ್ದಳಲ್ಲ ಅದಕ್ಕೆ, ಯಾವ ಕಾರು ಬಂದರೂ ಅವಳದು ಅದೇ ಆಟ, ಏನು ತಾಗಿದ್ದು ಅಂತ ನಾನು ಹೇಳಲಾ, ಹೇಳು, ಸ್ಕೂಟರಿನ ಹ್ಯಾಂಡಲ್, ಸರಿ, ಇದು, ಗೇಟು, ಸರಿ, ಇದು, ಎಮ್ಮೆ ಅಪ್ಪಾ, ಎಮ್ಮೆ ಯಾಕೇ, ಗೀರಿಲ್ಲ ನೋಡು, ಒತ್ತಿದೆ, ಆಮೇಲೆ ಅಲ್ಲೊಂದು ಕೂದಲಿದೆ, ಅವನು ನಕ್ಕೂ ನಕ್ಕೂ ಸುತ್ತಿಗೆ ಕೆಳಗಿಟ್ಟಿದ್ದ, ಕಾರಿನ ಯಜಮಾನ ಲಾರಿ ಗುದ್ದಿತು ಅಂತ ಆಣೆ ಹಾಕಿ ಹೋಗಿದ್ದ, ಎಮ್ಮೆ ಅನ್ನಲು ನಾಚಿಕೆ ಅವನಿಗೆ. ಎಲ್ಲರೂ ಸುಳ್ಳೇ ಹೇಳುವುದು ಇಲ್ಲಿಗೆ ಬಂದು. ಕುಡಿದು ಗುದ್ದಿದವನು ನಾಯಿ ಅಡ್ಡ ಬಂತು ಅನ್ನುತ್ತಾನೆ, ಅಪ್ಪನ ಕಾರು ಕದ್ದು ಓಡಿಸಿದವನು ನಿಲ್ಲಿಸಿದ ಕಾರಿಗೇ ಯಾರೋ ಗುದ್ದಿದರು ಅನ್ನುತ್ತಾನೆ, ಕೊನೆಗೆ ಎಲ್ಲರದೂ ಒಂದೇ ಮಾತು, ಗೊತ್ತೇ ಆಗಬಾರದು ಅಜ್ಜಾ, ಹಾಗೆ ಮಾಡಿಕೊಡು. ಮಾಡಿಕೊಟ್ಟಿದ್ದಾನೆ. ಜನ್ಮವೆಲ್ಲ ಅದನ್ನೇ ಮಾಡಿದ್ದಾನೆ, ಆದದ್ದನ್ನು ಆಗಲೇ ಇಲ್ಲ ಅನ್ನಿಸುವ ಕೆಲಸ, ಥೂ, ಎಂಥ ಕಸುಬು ಕಲಿತೆಯೋ ಮಾರಾಯ, ಊರವರ ಪಾಪಕ್ಕೆಲ್ಲ ಇಸ್ತ್ರಿ ಹಾಕಿಕೊಂಡು ಬಂದು ಈಗ ಸ್ವಂತ ಮಗಳ — ಟಕ್, ಕೆಳಗಂಚು ಮುಗಿಯಿತು, ಕೈಗೆ ಏನು ಗೊತ್ತು, ಕೈ ತನ್ನ ಪಾಡಿಗೆ ಮಡಿಸುತ್ತಲೇ ಇದೆ, ಉಳಿದದ್ದು ಬಾಗಿಲು ತಿರುಗುವ ಕೀಲಿನ ಕಡೆಯ ಅಂಚು ಒಂದೇ.

ಹಿಂದಿನ ಸಲ ಮನೆಗೆ ಬಂದಾಗ ಆ ಸೆಕೆಯಲ್ಲಿ ಮಣಿಕಟ್ಟಿನ ತನಕ ತೋಳಿನ ಅಂಗಿ, ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು, ಬಲಗೈ ಮಡಿಲಲ್ಲೇ, ಅವಳಮ್ಮ ಕೇಳಿದಳು, ಏನಾಯ್ತೇ ಕೈಗೆ, ಬಚ್ಚಲಲ್ಲಿ ಜಾರಿದೆ ಅಮ್ಮ, ಅಯ್ಯೋ ನಿಂದು ಚಿಕ್ಕಂದಿನಿಂದ ಇದೇ ಆಯ್ತು, ನೆಲ ನೋಡ್ಕೊಂಡು ನಡೆದಿದ್ದುಂಟಾ, ಅಳಿಯ ನಕ್ಕ, ಬಿಡಿ ಅತ್ತೆ, ಇವಳಿಗೆ ನಾನೇ ಕಣ್ಣು, ಎಲ್ಲರೂ ನಕ್ಕರು, ಇವನೂ ನಕ್ಕ, ಈ ಹಲ್ಲಿಲ್ಲದ ಬಾಯಿ ಅಗಲ ಮಾಡಿ ನಕ್ಕಿತ್ತು, ಅವಳು ಮಾತ್ರ ಲೋಟದೊಳಗೆ ನೋಡುತ್ತಿದ್ದಳು. ತಗಡಿನ ಮೇಲಿನ ತಗ್ಗು ಕಾಣುತ್ತದೆ, ಮಗಳ ಮುಖದ ಮೇಲಿನದು ಕಾಣಲಿಲ್ಲ. ಇವತ್ತು ಬೆಳಿಗ್ಗೆ ಅಳಿಯ ಅತ್ತ ಹೋದ ಮೇಲೆ ಅವಳ ಫೋನು, ಅಪ್ಪಾ, ಕಾರು ಬಂತಾ, ಬಂತಮ್ಮ, ಬಾಗಿಲನ್ನ ನೀನೇ ನೋಡು, ಆಯ್ತಾ, ಚೆನ್ನಾಗಿ ನೋಡು, ನೋಡ್ತೀನಿ ಬಿಡೇ, ಕಂಬಕ್ಕೆ ಕೊಟ್ಟಿದೀರಂತೆ, ಹೊಸದೇ ಹಾಕಿಸೋ ಅಂಥದ್ದು ಏನಿತ್ತು, ಅವಳು ಸಣ್ಣಗೆ ಹೂಂ ಅಂದು ಇಟ್ಟುಬಿಟ್ಟಳು, ಇವನು ಸಿಗ್ನಲ್ ಹೋಯಿತು ಅಂದುಕೊಂಡ, ಮುಟ್ಠಾಳ, ಅವಳು ಯಾವತ್ತು ಕಾರಿನ ಬಗ್ಗೆ ಕೇಳಲು ಫೋನು ಮಾಡಿದ್ದಳು, ಬಾಯಿಬಿಟ್ಟು ಹೇಳಲಾರದ್ದನ್ನು ಅಪ್ಪನ ಕೈಗೆ ಕಳಿಸಿದ್ದಳು, ಅಪ್ಪನ ಕೈಗೆ ಓದು ಬರುತ್ತದೆ ಅಂತ, ಆ ಒಂದೇ ಓದು ಅವನಿಗೆ ಬರುವುದು, ಅದನ್ನೂ ಓದದೆ ಗ್ರೈಂಡರ್ ಹಿಡಿದು — ಅಳಿಯ ಅವಳನ್ನು ಎಳೆದು ಬಾಗಿಲಿಗೆ ಅಪ್ಪಳಿಸಿದ್ದಾನೆ, ಸೊಂಟ ಇಲ್ಲಿ ತಾಗಿದೆ, ಮೊಣಕೈ ಇಲ್ಲಿ.

ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು. ಇದೊಂದು ಅಂಚು ಮಡಿಸಿದರೆ ಮುಗಿಯಿತು, ಬಣ್ಣ ಬಳಿದರೆ ಬ್ರಹ್ಮ ಬಂದರೂ ಗುರುತು ಹಿಡಿಯಲಾರ, ಅವಳು ಅದೇ ಬಾಗಿಲು ತೆಗೆದು ಅದೇ ಸೀಟಿನಲ್ಲಿ ಕೂರುತ್ತಾಳೆ, ಅಪ್ಪನ ಕೆಲಸ ಎಷ್ಟು ನುಣುಪು. ಅಂಟು ಬಿಗಿಯುತ್ತಿದೆ, ಬೆರಳಿಟ್ಟರೆ ಆಗಲೇ ಎಳೆ ಬರುವುದು ನಿಂತಿದೆ, ಬಿಗಿಯಲಿ, ಸುತ್ತಿಗೆ ಕೆಳಗಿಟ್ಟ, ಕೆಲಸ ಹಿಡಿದ ಮೇಲೆ ಅರ್ಧಕ್ಕೆ ಬಿಟ್ಟ ಬಾಗಿಲು ಇದೊಂದೇ, ಬಿಗಿಯಲಿ, ಕೆಟ್ಟುಹೋಗಲಿ. ಅಂಟು ಮೆತ್ತಿದ ಕೈಯಲ್ಲೇ ಫೋನು ಒತ್ತಿದ, ಒಂದೇ ರಿಂಗಿಗೆ ಎತ್ತಿದಳು, ಅಲ್ಲೇ ಕೂತಿದ್ದಳು ಅಂತ ಕಾಣುತ್ತದೆ, ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಳೇನೋ, ಅಪ್ಪಾ, ಕಂಬ ಅಲ್ಲ ಇಲಿಮರಿ, ಅಂದ, ಆ ಕಡೆಯಿಂದ ಅದೇ ಸ್ಟೂಲಿನ ಮೇಲೆ ಕೂತವಳ ದನಿ, ಗೀರಿಲ್ಲ ಅಲ್ವಾ ಅಪ್ಪಾ, ಇಲ್ಲ ಕಂದಾ, ಒಂದೂ ಇಲ್ಲ, ನೀನು ಚಪ್ಪಲಿ ಮೆಟ್ಕೊಂಡು ಹೊರಡು, ಏನೂ ತಗೋಬೇಡ, ಸೀದಾ ಮನೆಗೆ ಬಾ, ನಿಮ್ಮಮ್ಮ ಇರ್ತಾಳೆ — ಹೊರಗೆ ಗೇಟಿನ ಸದ್ದು, ಮಾವಾ, ಆಯ್ತಾ ನಮ್ದು, ಒಳ್ಳೆಯ ದನಿ, ಹಣ್ಣಿನ ಕವರಿನ ಪರಪರ, ತಗಡಜ್ಜ ತಿರುಗಲಿಲ್ಲ, ಫೋನು ಜೇಬಿಗಿಳಿಸಿದ, ಹಳೆಯ ತಗಡನ್ನು ಗೋಡೆಯಿಂದೆತ್ತಿ ಶೆಡ್ಡಿನ ಬಾಗಿಲಿಗೆ ಎದುರಾಗಿ ಮೇಜಿನ ಮೇಲೆ ನಿಲ್ಲಿಸಿದ, ಬಿಸಿಲು ಅದರ ಮೇಲೇ ಬಿದ್ದಿದೆ, ಒಂದು ಕೈಯಲ್ಲಿ ತಗಡು ಹಿಡಿದಿದ್ದಾನೆ, ಇನ್ನೊಂದು ಕೈ ತಾನಾಗಿಯೇ ಹೋಗಿ, ಹೆಬ್ಬೆರಳು ಆ ಗುಳಿಯಲ್ಲಿ ಕೂತಿತು, ತಣ್ಣಗಿದೆ, ದುಂಡಗೆ, ನುಣ್ಣಗೆ, ಮಾವಾ, ಮೇಜಿಗೂರಿದ ಮೊಣಕೈ, ಮಾವಾ ಇದೇನು ಹಳೇದನ್ನ ಇನ್ನೂ, ಮೇಜಿಗೂರಿದ ಸಣ್ಣ ಮೊಣಕೈ, ಗುಳಿ, ಮೊಣಕೈ